ಐದು ಪೆಡಲ್‌ಗೆ ಒಂದೇ ಅಡಾಪ್ಟರ್ ಸಾಕಾ?

ಓದುಗರ ಪ್ರಶ್ನೆ, ರಿಪೇರಿ ಟೇಬಲ್ಲಿನಿಂದ ಉತ್ತರ

ಪ್ರಶ್ನೆ: ಸರ್, ನಾನು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಗಣಪತಿ ಹಬ್ಬ, ಜಾತ್ರೆ, ಮದುವೆ ಎಲ್ಲ ಸೇರಿ ವರ್ಷಕ್ಕೆ ನಲವತ್ತು ಕಾರ್ಯಕ್ರಮ ಆಗುತ್ತವೆ. ಕಾಲಿನಿಂದ ಒತ್ತಿ ಗಿಟಾರಿನ ದನಿ ಬದಲಿಸುವ ಡಬ್ಬಿ, ಅಂದರೆ ಪೆಡಲ್, ಮೊದಲು ಎರಡೇ ಇದ್ದವು, ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಈಗ ಟ್ಯೂನರ್, ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್ ಅಂತ ಐದು ಆಗಿವೆ. 9 ವೋಲ್ಟ್, 500 ಮಿಲಿ ಆಂಪಿಯರ್ ಅಡಾಪ್ಟರ್ ಒಂದು ತಂದು, ಅದಕ್ಕೆ ಸಾಲಾಗಿ ಪಿನ್ ಇರುವ ವೈರ್ ಹಾಕಿದೆ. ಆವತ್ತಿನಿಂದ ಗುಂಯ್ ಅನ್ನುತ್ತಿದೆ. ಡಿಲೇಗೆ ಪಿನ್ ಹಾಕಿದರೆ ಅದರ ಜೊತೆ ಸಣ್ಣಗೆ ಕೀಂ ಅನ್ನುವ ಸದ್ದು. ಗೆಳೆಯ ಕೈಯಾರೆ ಮಾಡಿಕೊಟ್ಟ ಹಳೇ ನಮೂನೆಯ ಫಜ್ ಪೆಡಲ್ ಆರನೆಯದಾಗಿ ಸೇರಿಸಿದರೆ ಎಲ್ಲದರ ಲೈಟೂ ಆರಿಹೋಗುತ್ತದೆ. ಅಂಗಡಿಯವರು ಹೇಳುವ ದೊಡ್ಡ ಪವರ್ ಸಪ್ಲೈ ನನ್ನ ಗಿಟಾರ್‌ಗಿಂತ ತುಟ್ಟಿ. ಆಂಪ್ (ಆಂಪ್ಲಿಫೈಯರ್) ಪ್ಲಗ್ಗಿನ ಅರ್ಥಿಂಗ್ ಪಿನ್ ತೆಗೆದರೆ ಗುಂಯ್ ಕಡಿಮೆಯಾಗುತ್ತದೆ ಅಂತ ನಮ್ಮ ಕೀಬೋರ್ಡಿನವರು ಅದನ್ನೂ ತೆಗೆದುಕೊಟ್ಟಿದ್ದಾರೆ. ಪ್ರತಿ ಪೆಡಲ್ಲಿನ ಹಿಂದೆ ಬರೆದಿರುವುದನ್ನು ನೋಡಿ ಬರೆದು ಕಳಿಸಿದ್ದೇನೆ. ಏನು ಮಾಡಲಿ?
– ಹೆಸರು ಬೇಡ, ಬೆಟಗೇರಿ, ಗದಗ

ಉತ್ತರ: ತಮ್ಮಾ, ನಿಮ್ಮ ಪತ್ರದ ಕೊನೆಯಿಂದ ಶುರು ಮಾಡುತ್ತೇನೆ. ಆ ಅರ್ಥಿಂಗ್ ಪಿನ್ ಇವತ್ತೇ ವಾಪಸ್ ಹಾಕಿಸಿ. ಅದನ್ನು ಹಾಕಿಸುವ ತನಕ ಆ ಆಂಪ್ ಚಾಲೂ ಮಾಡಲೇಬೇಡಿ.

ಗಿಟಾರಿನ ತಂತಿಗಳು ಬ್ರಿಜ್‌ಗೆ, ಅಂದರೆ ಬುಡದಲ್ಲಿ ಅವನ್ನು ಹಿಡಿದಿರುವ ಲೋಹದ ಪಟ್ಟಿಗೆ, ಸೇರಿವೆ. ಬ್ರಿಜ್ಜಿನಿಂದ ಒಂದು ವೈರ್ ಕೇಬಲ್ಲಿನ ಹೊರಜಾಲರಿಗೆ ಹೋಗುತ್ತದೆ. ಅಲ್ಲಿಂದ ಪೆಡಲ್‌ಗಳ ಮೈ, ಕೊನೆಗೆ ಆಂಪಿನ ಮೈ. ಅಂದರೆ ನಿಮ್ಮ ಬೆರಳು ಯಾವಾಗಲೂ ಆಂಪಿನ ಕಬ್ಬಿಣದ ಮೈಯನ್ನೇ ಮುಟ್ಟಿರುತ್ತದೆ. ಆಂಪ್ ಒಳಗೆ 230 ವೋಲ್ಟಿನ ವೈರ್ ಎಲ್ಲಾದರೂ ಸವೆದು ಮೈಗೆ ತಾಗಿದರೆ, ಆ ಕರೆಂಟ್ ಅರ್ಥಿಂಗ್ ದಾರಿ ಹಿಡಿದು ನೆಲಕ್ಕೆ ಹೋಗಿ ಫ್ಯೂಸ್ ಹಾರಿಸಬೇಕು. ಪಿನ್ ಇಲ್ಲದಿದ್ದರೆ ಅದಕ್ಕೆ ಬೇರೆ ದಾರಿ ಇಲ್ಲ. ಗಿಟಾರಿನ ತಂತಿಯಲ್ಲೇ ಕಾದಿರುತ್ತದೆ.

1994ರ ಗಣಪತಿ ಹಬ್ಬದಲ್ಲಿ ನನಗೇ ಆದದ್ದು ಇದು. ಆಗ ನಾನೂ ಗಿಟಾರ್ ಹಿಡಿದು ಓಣಿ ಓಣಿ ತಿರುಗುತ್ತಿದ್ದೆ. ಹಳೇ ಹುಬ್ಬಳ್ಳಿಯ ಒಂದು ಪೆಂಡಾಲು, ಮಳೆ ಆಗಷ್ಟೇ ನಿಂತಿತ್ತು, ಹಲಗೆಯ ಮೇಲೆ ಹಾಸಿದ್ದ ಜಮಖಾನ ಹಸಿ ಇತ್ತು. ದನಿಗೂಡಿಸಲು ಮೈಕಿಗೆ ಬಾಯಿ ಹಚ್ಚಿದೆ. ತುಟಿಗೆ ಸೂಜಿ ಚುಚ್ಚಿದ ಹಾಗಾಯಿತು, ಹಲ್ಲು ಜುಂ ಅಂದವು, ಎಡಗೈ ಬೆರಳು ತಂತಿಗೆ ಹಿಡಿದುಕೊಂಡು ಬಿಚ್ಚಲೇ ಇಲ್ಲ. ಡ್ರಮ್ ನುಡಿಸುತ್ತಿದ್ದ ಗೆಳೆಯ ನನ್ನ ಮುಖ ನೋಡಿ ಬೋರ್ಡಿನ ಪ್ಲಗ್ ಕಿತ್ತ. ಆಮೇಲೆ ಬಿಚ್ಚಿ ನೋಡಿದರೆ ಎಕ್ಸ್‌ಟೆನ್ಷನ್ ಬೋರ್ಡಿಗೆ ಬಂದಿದ್ದು ಎರಡೇ ಎಳೆಯ ವೈರ್. ಮೇಲೆ ಮೂರು ತೂತು ಇದ್ದವು, ಮೂರನೆಯದಕ್ಕೆ ಒಳಗೆ ಏನೂ ಸೇರಿರಲಿಲ್ಲ. ಇವತ್ತಿಗೂ ಯಾವ ಪೆಂಡಾಲಿಗೆ ಹೋದರೂ ನಾನು ಮೊದಲು ನೋಡುವುದು ಆ ವೈರನ್ನೇ. ನೀವೂ ನೋಡಿ. ವೈರಿನೊಳಗೆ ಹಸಿರು ಎಳೆ ಇದೆಯಾ, ಅದು ಎರಡೂ ಕಡೆ ಸೇರಿದೆಯಾ ಅಂತ ಕಾರ್ಯಕ್ರಮದ ಹಿಂದಿನ ದಿನವೇ ತಿಳಿದವರಿಂದ ಬಿಚ್ಚಿಸಿ ನೋಡಿಸಿ.

ಪಿನ್ ತೆಗೆದಾಗ ಗುಂಯ್ ಕಡಿಮೆ ಆಗಿದ್ದು ಸುಳ್ಳಲ್ಲ. ಆಂಪ್ ಒಂದು ಕಡೆಯ ಸಾಕೆಟ್ಟಿನಲ್ಲಿ, ಮಿಕ್ಸರ್ ಇನ್ನೊಂದು ಕಡೆಯ ಸಾಕೆಟ್ಟಿನಲ್ಲಿ ಇದ್ದರೆ ಅರ್ಥಿಂಗ್ ಎರಡು ದಾರಿಯಿಂದ ಬರುತ್ತದೆ. ಆ ಎರಡರ ನಡುವೆ ಹರಿಯುವ ಸಣ್ಣ ಕರೆಂಟೇ ಗುಂಯ್ ಅನ್ನುವುದು. ಇದಕ್ಕೆ ಮದ್ದು ಪಿನ್ ತೆಗೆಯುವುದಲ್ಲ. ಆಂಪ್, ಮಿಕ್ಸರ್, ಪೆಡಲ್ ಅಡಾಪ್ಟರ್ ಎಲ್ಲವನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿ ನೋಡಿ.

ಈಗ ಪೆಡಲ್ ವಿಷಯ. ಐದಕ್ಕೆ ಒಂದೇ ಅಡಾಪ್ಟರ್ ಸಾಕಾ ಅನ್ನುವುದು ಕೂಡುವ ಲೆಕ್ಕ. ನೀವು ಬರೆದು ಕಳಿಸಿದ ಪ್ರಕಾರ ಟ್ಯೂನರ್ 30 ಮಿಲಿ ಆಂಪಿಯರ್, ಬೆಳಕು ಜೋರು ಮಾಡಿದರೆ 85. ಹೊರಗಡೆ ಹಗಲು ನುಡಿಸುವಾಗ ಜೋರು ಮಾಡೇ ಮಾಡುತ್ತೀರಿ, ಹಾಗಾಗಿ 85 ಹಿಡಿಯೋಣ. ಓವರ್‌ಡ್ರೈವ್ 10, ಕೋರಸ್ 20, ಡಿಲೇ 60, ರಿವರ್ಬ್ 100. ಒಟ್ಟು 275. ಅಡಾಪ್ಟರ್ ಕೊಡುವುದು 500. ಮೂರನೇ ಒಂದು ಪಾಲಾದರೂ ಮಿಗಬೇಕು ಅನ್ನುವುದು ನನ್ನ ರೂಢಿ. ಇಲ್ಲಿ ಅದಕ್ಕಿಂತ ಜಾಸ್ತಿಯೇ ಮಿಗುತ್ತದೆ. ಹಾಗಾಗಿ ಕರೆಂಟ್ ಸಾಲದೆ ಬಂದ ತೊಂದರೆ ಇದಲ್ಲ.

ಇದೇ ಮಾತಿಗೆ ಇನ್ನೊಂದು ಹೆದರಿಕೆ ಬಗ್ಗೆಯೂ ಹೇಳಿಬಿಡುತ್ತೇನೆ, ಬಹಳ ಜನ ಕೇಳುತ್ತಾರೆ. 1700 ಮಿಲಿ ಆಂಪಿಯರ್ ಅಡಾಪ್ಟರ್ ಹಾಕಿದರೆ 10ರ ಪೆಡಲ್ ಸುಡುತ್ತದಾ? ಸುಡುವುದಿಲ್ಲ. ಮನೆಯ ಸಾಕೆಟ್ಟು ಇಸ್ತ್ರಿಪೆಟ್ಟಿಗೆಯನ್ನೂ ಓಡಿಸುತ್ತದೆ, ಜೀರೋ ಬಲ್ಬನ್ನೂ ಓಡಿಸುತ್ತದೆ. ಬಲ್ಬು ತನಗೆ ಬೇಕಾದಷ್ಟೇ ತಗೊಳ್ಳುತ್ತದೆ. ಮಿಲಿ ಆಂಪಿಯರ್ ಜಾಸ್ತಿ ಇರಲಿ, ಪರವಾಗಿಲ್ಲ. ವೋಲ್ಟ್ ಮಾತ್ರ ಪೆಡಲ್ ಕೇಳಿದಷ್ಟೇ ಇರಬೇಕು, ಪ್ಲಸ್ ಮೈನಸ್ ಪೆಡಲ್ ಕೇಳಿದ ಕಡೆಗೇ ಇರಬೇಕು.

ಆ ಪ್ಲಸ್ ಮೈನಸ್ಸಿನಲ್ಲೇ ಆರ್ಕೆಸ್ಟ್ರಾದವರ ಪೆಡಲ್ ಹೋಗುವುದು. ಬಾಸ್ ಕಂಪನಿ 1977ರಲ್ಲಿ ತಂದ ಸಣ್ಣ ಪೆಡಲ್‌ಗಳ ದಾರಿಯಲ್ಲೇ ಇವತ್ತಿನ ಹೆಚ್ಚಿನ ಪೆಡಲ್‌ಗಳು ನಡೆಯುತ್ತವೆ. 9 ವೋಲ್ಟ್, ಪಿನ್ನಿನ ಒಳತೂತಿಗೆ ಮೈನಸ್, ಹೊರಮೈಗೆ ಪ್ಲಸ್. ಇದು ಉಲ್ಟಾ ಕಂಡರೂ ಕಾರಣ ಇದೆ. ಪಿನ್ ಹಾಕಿದ ಕೂಡಲೇ ಒಳಗಿನ ಬ್ಯಾಟರಿಯ ಪ್ಲಸ್ ಕಡಿದುಹೋಗಬೇಕು. ಸಾಕೆಟ್ಟಿನಲ್ಲಿ ಆ ಕಡಿಯುವ ಎಲೆ ಇರುವುದು ಹೊರಮೈಯ ಕಡೆ. ಅದಕ್ಕೇ ಪ್ಲಸ್ ಹೊರಗೆ ಬಂತು. ಯಮಹಾ ಕೀಬೋರ್ಡಿನ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ಅದರಲ್ಲಿ ಪ್ಲಸ್ ಒಳಗೆ. ಕತ್ತಲಲ್ಲಿ ಕೈಗೆ ಎರಡೂ ಪಿನ್ ಒಂದೇ ಥರ ಸಿಗುತ್ತವೆ. ಹೋದ ವರ್ಷ ಹಬ್ಬದ ಮರುದಿನ ನನ್ನ ಟೇಬಲ್ಲಿಗೆ ಬಂದ ಒಂದು ಡಿಲೇ ಪೆಡಲ್ ಹೀಗೇ ಹೋಗಿತ್ತು. ತಳ ಬಿಚ್ಚಿದಾಗಲೇ ಸುಟ್ಟ ವಾಸನೆ. ಪವರ್ ಸಾಕೆಟ್ಟಿನ ಹಿಂದೆ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಕರಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ತುದಿಗೊಂದು ಬೆಳ್ಳಿಪಟ್ಟಿ. ಅದರ ಮೈ ಎರಡಾಗಿ ಸೀಳಿತ್ತು, ಕೆಳಗಿನ ಬೋರ್ಡ್ ಕಂದಾಗಿತ್ತು. ಉಲ್ಟಾ ಬಂದ ಕರೆಂಟನ್ನೆಲ್ಲ ತಾನೇ ನುಂಗಿ ಚಿಪ್ ಉಳಿಸಿತ್ತು. 1ಎನ್4007 ಒಂದು ಹಾಕಿದೆ, ಪೆಡಲ್ ಹಾಡಿತು. ಎಲ್ಲ ಪೆಡಲ್ಲಿನಲ್ಲೂ ಆ ಡಯೋಡ್ ಇರುವುದಿಲ್ಲ. ಅದಕ್ಕೆ ನಿಮ್ಮ ಅಡಾಪ್ಟರ್ ಪಿನ್ನಿಗೆ ಇವತ್ತೇ ಕೆಂಪು ಟೇಪ್ ಸುತ್ತಿ. ಕೀಬೋರ್ಡಿನವರಿಗೆ ಬೇರೆ ಬಣ್ಣ ಸುತ್ತಲು ಹೇಳಿ.

ಇನ್ನು ಸದ್ದು. ನೀವು ಗುಂಯ್ ಬೇರೆ, ಕೀಂ ಬೇರೆ ಅಂತ ಬಿಡಿಸಿ ಬರೆದಿದ್ದೀರಿ, ಬಹಳ ಒಳ್ಳೆಯದಾಯಿತು. ಅವು ಎರಡು ಬೇರೆ ಬೇರೆ ಕಾಯಿಲೆ.

ಗುಂಯ್ ಮೊದಲು. ಪೆಡಲ್ ಎಲ್ಲ ಬಿಟ್ಟು ಗಿಟಾರನ್ನು ನೇರ ಆಂಪಿಗೆ ಹಾಕಿ. ಆಗಲೂ ಇದ್ದರೆ, ಗಿಟಾರ್ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿ. ತಿರುಗಿದ ಹಾಗೆ ಏರಿಳಿದರೆ ಅದು ಪಿಕಪ್ಪು, ಅಂದರೆ ತಂತಿಗಳ ಕೆಳಗಿನ ಸುರುಳಿ, ಹಿಡಿಯುವ ಸದ್ದು, ಅಡಾಪ್ಟರಿನ ತಪ್ಪಲ್ಲ. ನೇರ ಹಾಕಿದಾಗ ಹೋದರೆ ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ. ಆ ಜಿ ಸ್ವರ 98 ಹರ್ಟ್ಸ್. ನಮ್ಮ ಕರೆಂಟ್ 50 ಹರ್ಟ್ಸ್, ಅಡಾಪ್ಟರ್ ಒಳಗೆ ಡಿಸಿ ಆಗುವಾಗ ಉಳಿಯುವ ಅಲೆ 100. ನಿಮ್ಮ ಗುಂಯ್ ಆ ಜಿ ಸ್ವರಕ್ಕೆ ಒಂದು ಕೂದಲೆಳೆ ಮೇಲೆ ನಿಂತಿದ್ದರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಕಿವಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಮೀಟರ್ ಬೇಡ. ಆದರೂ ಮಲ್ಟಿಮೀಟರ್ ಇದ್ದರೆ ಏನೂ ಜೋಡಿಸದೆ ಅಡಾಪ್ಟರಿನ ವೋಲ್ಟ್ ನೋಡಿ. 9ರ ಆಸುಪಾಸು ತೋರಿಸಿದರೆ ಅದು ರೆಗ್ಯುಲೇಟೆಡ್, ಅಂದರೆ ವೋಲ್ಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವಂಥದ್ದು. 12, 13 ತೋರಿಸಿದರೆ ಹಳೇ ನಮೂನೆಯದು, ಒಳಗೆ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ಕೆಪಾಸಿಟರ್ ಅಷ್ಟೇ. ರೇಡಿಯೋಗೆ ಅದು ನಡೆಯುತ್ತದೆ, ಪೆಡಲ್‌ಗೆ ಬೇಡ. ನಿಮ್ಮ ಓವರ್‌ಡ್ರೈವ್ ಆ ಅಲೆಯನ್ನು ಹತ್ತಾರು ಪಟ್ಟು ದೊಡ್ಡದು ಮಾಡಿ ಆಂಪಿಗೆ ಕೊಡುತ್ತದೆ.

ಕೀಂ ಅನ್ನುವುದು ಡಿಲೇ ಪೆಡಲ್ಲಿನದು. ನಮ್ಮ ಓಣಿಗಳಲ್ಲಿ ನಳ ಬರುವ ದಿನ ನೆನಪಿಸಿಕೊಳ್ಳಿ. ಒಂದೇ ಪೈಪು, ಐದು ಮನೆ. ನಾಲ್ಕು ಮನೆಯವರು ಕೊಡ ಇಟ್ಟು ತುಂಬಿಸುತ್ತಿದ್ದಾರೆ. ಐದನೆಯವರು ಮೋಟಾರ್ ಹಚ್ಚಿದರು. ಕೂಡಲೇ ಎಲ್ಲರ ನಳವೂ ಬುಸ್ ಬುಸ್ ಅಂತ ಬಿಟ್ಟು ಬಿಟ್ಟು ಸುರಿಯುತ್ತದೆ. ಪೈಪಿನಲ್ಲಿ ನೀರು ಇದೆ, ಜಗ್ಗುವ ರೀತಿ ಬೇರೆ. ಓವರ್‌ಡ್ರೈವ್, ಕೋರಸ್ ಕೊಡ ಇಟ್ಟು ತುಂಬಿಸುವ ಮನೆಗಳ ಹಾಗೆ, ಸಮನಾಗಿ ತಗೊಳ್ಳುತ್ತವೆ. ಡಿಲೇ, ರಿವರ್ಬ್ ಡಿಜಿಟಲ್. ಅವುಗಳ ಚಿಪ್ ಗಡಿಯಾರದ ಹಾಗೆ ಟಕಟಕ ನಡೆಯುತ್ತದೆ, ಕರೆಂಟನ್ನು ಜಗ್ಗಿ ಬಿಟ್ಟು ಜಗ್ಗಿ ಬಿಟ್ಟು ಎಳೆಯುತ್ತದೆ. ಐದು ಪಿನ್ನಿಗೂ ಮೈನಸ್ ವೈರ್ ಒಂದೇ. ಅದರಲ್ಲಿ ಎದ್ದ ಆ ಸಣ್ಣ ನಡುಕ, ಪೆಡಲ್ಲಿನಿಂದ ಪೆಡಲ್ಲಿಗೆ ಹೋಗುವ ಪ್ಯಾಚ್ ಕೇಬಲ್ಲಿನ ಜಾಲರಿಯನ್ನು ಹಿಡಿದು ಓವರ್‌ಡ್ರೈವಿಗೆ ಹೋಗುತ್ತದೆ.

ಹಾಗಾಗಿ ಮೊದಲು ಏನೂ ಕೊಳ್ಳಬೇಡಿ. ಡಿಲೇಯ ಪಿನ್ ಮಾತ್ರ ಸಾಲಿನಿಂದ ತೆಗೆದು, ಯಾರ ಹತ್ತಿರವಾದರೂ ಇನ್ನೊಂದು ಸರಿಯಾದ 9 ವೋಲ್ಟ್ ಅಡಾಪ್ಟರ್ ತಂದು ಅದಕ್ಕೊಂದಕ್ಕೇ ಕೊಡಿ. ಕೀಂ ಹೋದರೆ ಮುಗಿಯಿತು. ಸ್ವಲ್ಪ ಉಳಿದರೆ ರಿವರ್ಬನ್ನೂ ಸಾಲಿನಿಂದ ಬೇರೆ ಮಾಡಿ. ಉಳಿದ ಮೂರು ಒಂದೇ ಅಡಾಪ್ಟರಿನಲ್ಲಿ ಹಾಯಾಗಿ ಇರುತ್ತವೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಒಂದೇ ಒಂದು ಪೆಡಲ್ ಬೇರೆ ಮಾಡಿದರೆ ಸಾಕಾಗಿದೆ. ಎರಡನೇ ಅಡಾಪ್ಟರ್ ಒಂದಕ್ಕೆ ಆಗುವ ಖರ್ಚು ಎಲ್ಲಿ, ಗಿಟಾರ್‌ಗಿಂತ ತುಟ್ಟಿಯ ಡಬ್ಬಿ ಎಲ್ಲಿ!

ಫಜ್ ಬೇರೆಯೇ ಕಥೆ, ಅದನ್ನು ಆ ಸಾಲಿಗೆ ಮತ್ತೆ ಸೇರಿಸಲೇಬೇಡಿ. ಹಳೇ ನಮೂನೆ ಅಂದಿದ್ದೀರಿ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದ ಫಜ್ ಫೇಸ್ ಥರದ್ದು, ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕಿದ್ದು ಇರಬೇಕು. ಆ ಟ್ರಾನ್ಸಿಸ್ಟರುಗಳು ಪಿಎನ್‌ಪಿ ಜಾತಿಯವು, ಅದಕ್ಕೆ ಆ ಪೆಡಲ್ಲಿನಲ್ಲಿ ಮೈಗೆ ಸೇರಿರುವುದು ಪ್ಲಸ್. ನಿಮ್ಮ ಉಳಿದ ಐದರಲ್ಲಿ ಮೈಗೆ ಸೇರಿರುವುದು ಮೈನಸ್. ಪ್ಯಾಚ್ ಕೇಬಲ್ಲಿನ ಜಾಲರಿ ಎಲ್ಲರ ಮೈಯನ್ನೂ ಒಂದು ಮಾಡುತ್ತದೆ. ಒಂದೇ ಅಡಾಪ್ಟರಿನಿಂದ ಎರಡಕ್ಕೂ ಕೊಟ್ಟ ಗಳಿಗೆಯಲ್ಲಿ ಪ್ಲಸ್ಸೂ ಮೈನಸ್ಸೂ ಮೈಯಲ್ಲಿ ಕೂಡಿ ಶಾರ್ಟ್ ಆಗುತ್ತದೆ. ನಿಮ್ಮ ಅಡಾಪ್ಟರ್ ಕೂಡಲೇ ಬಂದ್ ಆಗಿ ತನ್ನನ್ನು ತಾನು ಉಳಿಸಿಕೊಂಡಿದೆ. ಎಲ್ಲ ಲೈಟು ಆರಿದ್ದು ಅದಕ್ಕೆ.

ಅದಕ್ಕೆ ಬ್ಯಾಟರಿಯೇ ಸರಿ. ಇಂಥ ಫಜ್ ಎಳೆಯುವುದು ಒಂದು ಮಿಲಿ ಆಂಪಿಯರ್ ಆಸುಪಾಸು. ಒಂದು ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿ ಆಂಪಿಯರ್ ಅವರ್ ಇರುತ್ತದೆ. ನಿಮ್ಮ ವರ್ಷದ ನಲವತ್ತು ಕಾರ್ಯಕ್ರಮ ಅದರಲ್ಲೇ ಮುಗಿಯುತ್ತದೆ. ಒಂದೇ ಷರತ್ತು, ನುಡಿಸಿ ಆದ ಮೇಲೆ ಇನ್‌ಪುಟ್ ಕಡೆಯ ಕೇಬಲ್ ತೆಗೆಯಿರಿ. ಕೇಬಲ್ ಹಾಕಿರುವ ತನಕ ಬ್ಯಾಟರಿ ಆನ್ ಇದ್ದ ಹಾಗೆ, ಕಾಲಿನ ಸ್ವಿಚ್ ಆಫ್ ಇದ್ದರೂ. ಮತ್ತೆ ಇನ್ನೊಂದು, ಜರ್ಮೇನಿಯಂಗೆ ಬಿಸಿಲು ಆಗುವುದಿಲ್ಲ. ಗದಗಿನ ಏಪ್ರಿಲ್ ಮಧ್ಯಾಹ್ನ ಅದನ್ನು ಬಿಸಿಲಲ್ಲಿ ಇಟ್ಟರೆ ಸಂಜೆ ನುಡಿಸಿದ ಪೆಡಲ್ಲೇ ಇದಾ ಅನ್ನಿಸುವಷ್ಟು ದನಿ ಕೆಡುತ್ತದೆ. ನೆರಳಲ್ಲಿಡಿ, ತಣ್ಣಗಾದ ಮೇಲೆ ಸರಿಹೋಗುತ್ತದೆ. ನನಗೆ ಆ ದನಿ ಬಹಳ ಇಷ್ಟ, ಆ ಪೆಡಲ್ ಮಾರಬೇಡಿ.

ಮುಂದೆ ಪೆಡಲ್ ಏಳೆಂಟು ಆದಾಗ ಐಸೊಲೇಟೆಡ್ ಸಪ್ಲೈ ಕೊಳ್ಳಿ. ಅದರಲ್ಲಿ ಪ್ರತಿ ಔಟ್‌ಪುಟ್ಟಿನ ಮೈನಸ್ಸೂ ಬೇರೆ ಇರುತ್ತದೆ, ಐದು ಮನೆಗೆ ಐದು ಬೋರ್‌ವೆಲ್ ಇದ್ದ ಹಾಗೆ. ಆದರೆ ಡಬ್ಬಿ ಮೇಲೆ ಬರೆದದ್ದನ್ನು ನಂಬಬೇಡಿ. ಮಲ್ಟಿಮೀಟರ್ ಜೇಬಲ್ಲಿಟ್ಟುಕೊಂಡು ಹೋಗಿ. ಡಬ್ಬಿಯನ್ನು ಕರೆಂಟಿಗೆ ಹಾಕದೆ, ಬೀಪ್ ಅನ್ನುವ ಸೆಟ್ಟಿಂಗಿನಲ್ಲಿ ಎರಡು ಔಟ್‌ಪುಟ್ಟಿನ ಮೈನಸ್ ಮುಟ್ಟಿಸಿ. ಬೀಪ್ ಅಂದರೆ ಅದು ನಿಮ್ಮ ಹಳೇ ಸಾಲುವೈರೇ, ಡಬ್ಬಿ ಮಾತ್ರ ಹೊಸದು. ಅಂಗಡಿಯಲ್ಲೇ ನೋಡಿ, ಮನೆಗೆ ತಂದ ಮೇಲೆ ಅಲ್ಲ.

ಪ್ರಶ್ನೆ: ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. 7809 ಐಸಿ (ಸ್ಥಿರವಾಗಿ 9 ವೋಲ್ಟ್ ಕೊಡುವ ಚಿಪ್) ಹಾಕಿ ಪೆಡಲ್‌ಗೆ ನಾನೇ ಸಪ್ಲೈ ಮಾಡಬೇಕು ಅಂತಿದೆ. 0-9 ವೋಲ್ಟಿನ ಒಂದು ಟ್ರಾನ್ಸ್‌ಫಾರ್ಮರ್ ಇದೆ. ನಾಲ್ಕು 7809 ಹಾಕಿದರೆ ನಾಲ್ಕು ಐಸೊಲೇಟೆಡ್ ಔಟ್‌ಪುಟ್ ಸಿಗುತ್ತವೆ ಅಲ್ವಾ?
– ಸಪ್ತಾಪುರ, ಧಾರವಾಡ

ಉತ್ತರ: ಸಿಗುವುದಿಲ್ಲ. ನಾಲ್ಕು ಐಸಿ ಹಾಕಿದರೂ ಮೈನಸ್ ಒಂದೇ ಅಲ್ವಾ? ಟ್ರಾನ್ಸ್‌ಫಾರ್ಮರಿನಲ್ಲೇ ನಾಲ್ಕು ಬೇರೆ ಬೇರೆ ಸೆಕೆಂಡರಿ ಸುತ್ತು ಇರಬೇಕು, ಪ್ರತಿಯೊಂದಕ್ಕೂ ಅದರದೇ ಡಯೋಡ್, ಕೆಪಾಸಿಟರ್, 7809. ಆಗ ಮಾತ್ರ ಬೇರೆ ಬೇರೆ.

ಮತ್ತೆ ಆ 0-9 ಬಿಡಿ. ಲೆಕ್ಕ ಹಾಕಿ ನೋಡಿ. 9 ವೋಲ್ಟ್ ಎಸಿಯ ತುದಿ 12.7, ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಜ್ಜಿನ ಎರಡು ಡಯೋಡಿನಲ್ಲಿ 1.4 ಹೋದರೆ ಉಳಿಯುವುದು 11.3. ಸರಿಯಾಗಿ 9 ಕೊಡಲು 7809ಗೆ 11ರ ಮೇಲೆ ಬೇಕು. ಲೈನು 230 ಇದ್ದಾಗ ಅಂಚಿನಲ್ಲಿ ನಡೆಯುತ್ತದೆ. ಸಂಜೆ ಲೈನು 200ಕ್ಕೆ ಇಳಿದರೆ 10ರ ಕೆಳಗೆ ಬಂದು ಗುಂಯ್ ಶುರು. ಕಾರ್ಯಕ್ರಮ ಇರುವುದೂ ಸಂಜೆಯೇ. 12 ವೋಲ್ಟಿನದು ತಗೊಳ್ಳಿ, 15ರ ಮೇಲೆ ಸಿಗುತ್ತದೆ. 300 ಮಿಲಿ ಆಂಪಿಯರ್ ಎಳೆದರೆ ಐಸಿಯಲ್ಲಿ ಸುಮಾರು 2 ವಾಟ್ ಬಿಸಿಯಾಗಿ ಹೋಗುತ್ತದೆ, ಅದಕ್ಕೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಬಿಗಿಯಿರಿ. ಸಾವಿರ ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು, 2200 ಇದ್ದರೆ ಇನ್ನೂ ಒಳ್ಳೆಯದು, 25 ವೋಲ್ಟಿನದು ಇರಲಿ. 230ರ ಕಡೆ ಫ್ಯೂಸ್ ಹಾಕಿ, ಕಬ್ಬಿಣದ ಡಬ್ಬಿಗೆ ಅರ್ಥಿಂಗ್ ಕೊಡಿ. ಮೊದಲ ಸಲ ಕರೆಂಟ್ ಕೊಡುವ ಮುಂಚೆ ನಿಮ್ಮ ಲ್ಯಾಬಿನ ಮೇಷ್ಟ್ರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ನಾವು ಮೂವರು ಗೆಳತಿಯರು ಬಯಲಲ್ಲಿ ಬ್ಯಾಟರಿ ಸ್ಪೀಕರ್ ಇಟ್ಟು ಹಾಡುತ್ತೇವೆ. ನನ್ನ ಮೂರು ಪೆಡಲ್ ಸೇರಿ 100 ಮಿಲಿ ಆಂಪಿಯರ್. 10,000ದ ಪವರ್ ಬ್ಯಾಂಕಿನಿಂದ ನಡೆಸಬಹುದಾ ಸರ್?
– ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ನಡೆಸಬಹುದು ತಂಗೀ. ಪವರ್ ಬ್ಯಾಂಕ್ ಕೊಡುವುದು 5 ವೋಲ್ಟ್, ಹಾಗಾಗಿ ಅದನ್ನು 9 ಮಾಡುವ ವೈರ್ ಬೇಕು. ತಂದ ಕೂಡಲೇ ಪಿನ್ನಿನ ಒಳತೂತಿಗೆ ಮೈನಸ್ ಇದೆಯಾ ಅಂತ ಮೀಟರಿನಲ್ಲಿ ನೋಡಿ. ಬಹಳಷ್ಟು ವೈರ್ ರೂಟರ್‌ಗೆ ಅಂತ ಮಾಡಿದವು, ಅವುಗಳಲ್ಲಿ ಪ್ಲಸ್ ಒಳಗೆ ಇರುತ್ತದೆ. ಹಾಗಿದ್ದರೆ ಉಲ್ಟಾ ಮಾಡುವ ತುಂಡುವೈರ್ ಸೇರಿಸಬೇಕು.

10,000 ಅನ್ನುವುದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 37 ವಾಟ್ ಅವರ್. ಬದಲಾಯಿಸುವಾಗ ಮೂರನೇ ಒಂದು ಪಾಲು ಹೋಯಿತು ಅಂದುಕೊಂಡರೂ 24ರ ಮೇಲೆ ಉಳಿಯುತ್ತದೆ. ನಿಮ್ಮ ಪೆಡಲ್‌ಗಳಿಗೆ ಬೇಕಾಗುವುದು ಒಂದು ವಾಟ್‌ಗಿಂತ ಕಡಿಮೆ. ಒಂದು ಹಗಲು, ಒಂದು ರಾತ್ರಿ ನಡೆಯುತ್ತದೆ. ಕೆಲವು ಪವರ್ ಬ್ಯಾಂಕುಗಳು ತೀರಾ ಕಡಿಮೆ ಎಳೆದರೆ ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ತಾವೇ ಬಂದ್ ಆಗುತ್ತವೆ. ಮನೆಯಲ್ಲಿ ಅರ್ಧ ಗಂಟೆ ಸುಮ್ನೆ ಆನ್ ಮಾಡಿಟ್ಟು ನೋಡಿ, ಹಾಡಿನ ನಡುವೆ ಗೊತ್ತಾಗುವುದು ಬೇಡ. 5ನ್ನು 9 ಮಾಡುವ ಆ ಸಣ್ಣ ಗಂಟು ಕೀಂ ಅನ್ನಬಹುದು. ಅಂದರೆ ಅದನ್ನು ಪೆಡಲ್‌ಗಳಿಂದ ಒಂದು ಮೊಳ ದೂರ ಇಟ್ಟು ಕೇಳಿ. ಆಗಲೂ ಹೋಗದಿದ್ದರೆ ಬೇರೆ ವೈರ್ ತಗೊಳ್ಳಿ.